ಎಣ್ಣೆಯಲ್ಲಿ ನೆನೆದ ಪೆನ್ನಿ

ಬೆಂಡಿಗೊ ಊರಿನ ಹತ್ತಿರ, ತನ್ನ ಮುತ್ತಜ್ಜಿಯ ಗುಡಿಸಲಿದ್ದ ಜಾಗದಲ್ಲಿ ಮೆರಿನ್‌ಳ ಲೋಹಶೋಧಕ ಕೂಗಿ, ಹಳೆಯ ತಾಮ್ರದ ನಾಣ್ಯ, ಪೆನ್ನಿಯೊಂದು ಸಿಕ್ಕು ಹನ್ನೊಂದು ದಿನವಾಗಿತ್ತು. ಅದರ ಒಂದು ಬದಿಯನ್ನು ಯಾರೋ ನುಣುಪಾಗಿ ತಿಕ್ಕಿ ಹೆಸರು ಕೆತ್ತಿದ್ದರು. ಆರು ಅಕ್ಷರಗಳಿವೆ ಎಂಬುದಷ್ಟೇ ತಿಳಿಯುತ್ತಿತ್ತು, ಹಸಿರು ಕಿಲುಬಿನಿಂದಾಗಿ ಓದಲಾಗುತ್ತಿರಲಿಲ್ಲ. ಮುತ್ತಜ್ಜಿಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ; ಕೆತ್ತಿದ್ದು ಅವಳ ಹೆಸರೇ ಇರಬಹುದು.

ಕಿಲುಬು ಮೆತ್ತಗಾಗಲೆಂದು ಪೆನ್ನಿಯನ್ನು ನೆನೆಹಾಕಿದ್ದ ಆಲಿವ್ ಎಣ್ಣೆಯ ಬಟ್ಟಲಿನ ಮುಚ್ಚಳವನ್ನು ಆ ಬೆಳಿಗ್ಗೆ ಮೆರಿನ್ ಐದನೇ ಸಲ ತೆಗೆದಳು.

"ಏನೇ, ಉಪ್ಪಿನಕಾಯಿ ಹಾಕಿದ್ದೀಯಾ?" ಎಂದ ಗಂಡ ಕ್ಲೆಮ್. "ವಿನೆಗರ್ ಸುರಿದು ಬ್ರಶ್ಶಲ್ಲಿ ಉಜ್ಜು, ಮುಗೀತು."

"ನೀನು ಮುಟ್ಟಿದ್ರೆ ನೋಡು! ಇನ್ನೂ ಎರಡು ತಿಂಗಳು ನೆನೀಬೇಕು ಅದು."

"ನಾನ್ಯಾಕೆ ಮುಟ್ಲಿ? ಸುಮ್ನಿರದೇ ಇರೋದು ನಿನ್ನ ಕೈ."

ಅವನು ಕುರಿಗಳ ಕಡೆ ಹೊರಟುಹೋದ. ಮೆರಿನ್ ಪಾತ್ರೆ ತೊಳೆದಳು, ಬಾಗಿಲ ತನಕ ಹೋಗಿ ಬಂದಳು, ಕೊನೆಗೆ ಹಲ್ಲುಕಡ್ಡಿ ಹುಡುಕಿದಳು. ಒಂದೇ ಒಂದು ಅಕ್ಷರ ನೋಡಿ ಬಿಟ್ಟುಬಿಡುತ್ತೇನೆ ಎಂದುಕೊಂಡು ಪೆನ್ನಿಯನ್ನು ಎತ್ತಿ ಮೆಲ್ಲಗೆ ಕೆರೆದಳು. ‘ಎಚ್’ ಕಂಡಿತು. ಕೈ ನಿಲ್ಲಲಿಲ್ಲ. ಎರಡನೆಯ ಅಕ್ಷರದ ಮೇಲಿನ ಕಿಲುಬು ಚಕ್ಕೆಯಾಗಿ ಏಳುತ್ತಲೇ ಅಕ್ಷರವೂ ಅದರೊಂದಿಗೇ ಎದ್ದು ಬಂತು. ಕೆಳಗೆ ಬರಿಯ ತಾಮ್ರ ಉಳಿಯಿತು.

ಸಂಜೆ ಕ್ಲೆಮ್ ಬಂದಾಗ ಬಟ್ಟಲನ್ನು ಅವನ ಕೈಗಿತ್ತಳು.

"ನನಗೆ ಸಿಗದ ಹಾಗೆ ಎಲ್ಲಾದ್ರೂ ಬಚ್ಚಿಡು. ಇನ್ನೂ ನಾಲ್ಕು ಅಕ್ಷರ ಉಳ್ಕೊಂಡಿವೆ."