ಮಾವಿನ ವಾಸನೆಯ ಬತ್ತಿ

ಮಾವಿನಹಣ್ಣಿನ ವಾಸನೆ ಬಂದರೆ ನಾನು ಈಗಲೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ಹಣ್ಣಿನ ವಾಸನೆ ಅಲ್ಲ, ಹಣ್ಣೇನು ಪಾಪ ಮಾಡಿತು. ಮಾವು ಅಂತ ಚೀಟಿ ಅಂಟಿಸಿಕೊಂಡು ಹೆಬ್ಬೆರಳುದ್ದದ ಶೀಶೆಯಲ್ಲಿ ಬರುತ್ತದಲ್ಲ, ಆ ಅಂಟುನೀರಿನದು. ಕೆಮ್ಮಿನ ಔಷಧಿಗೆ ಸೆಂಟು ಬೆರೆಸಿ ಮೂರು ದಿನ ಬಿಸಿಲಿಗಿಟ್ಟರೆ ಹೆಂಗಿರುತ್ತದೋ ಹಂಗೆ. ಆ ವಾಸನೆ ನಮ್ಮ ಮನೆಯ ದೇವರ ಹತ್ತಿಯವರೆಗೆ ಹೋದ ಕತೆ ಇದು.

ನನ್ನ ಗಂಡ ಪುನೀತ್ ಕೊಪ್ಪದ ಬಸ್‌ಸ್ಟಾಪಿನ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಸುತ್ತಲ ಹತ್ತೂರಿನ ಪಂಪ್‌ಸೆಟ್ಟು ಸುಟ್ಟರೆ ಅವರ ಬೆರಳಿಗೇ ಬರಬೇಕು. ತಂತಿ ಸುತ್ತುವುದರಲ್ಲಿ ಆ ಬೆರಳಿಗೆ ಎಣೆಯಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಇಲ್ಲ ಅನ್ನುವುದಿಲ್ಲ. ಆ ಬೆರಳಿನ ಸಂದಿಯಲ್ಲಿ ಹದಿನೆಂಟನೇ ವಯಸ್ಸಿನಿಂದ ಸಿಗರೇಟು ಇತ್ತು.

ನಮ್ಮ ಮಾವ ಚಲುವರಾಜು ಬೀಡಿ ಸೇದಿ ಸೇದಿ ಐವತ್ತೆರಡಕ್ಕೇ ಹೋದವರು. ಕೊನೆಯ ಆರು ತಿಂಗಳು ಮಂಚದ ಕೆಳಗೆ ಒಂದು ಡಬ್ಬ, ಅದರಲ್ಲಿ ಬೂದಿ, ಬೂದಿಯ ಮೇಲೆ ಅವರು ಉಗಿದದ್ದು. ದಿನಕ್ಕೆರಡು ಸಲ ಅದನ್ನು ತಿಪ್ಪೆಗೆ ಸುರಿದು, ತೊಳೆದು, ಮತ್ತೆ ಬೂದಿ ತುಂಬಿಡುವುದು ನಮ್ಮತ್ತೆ ಇಂದ್ರಮ್ಮನ ಕೆಲಸ. ನಾನು ಮದುವೆಯಾಗಿ ಕಿರುಗಾವಲಿನಿಂದ ಬರುವಷ್ಟರಲ್ಲಿ ಮಾವ ಇರಲಿಲ್ಲ. ಆದರೆ ಆ ಡಬ್ಬದ ವಿಷಯ ಅತ್ತೆ ಎಷ್ಟು ಸಲ ಹೇಳಿದ್ದರೆಂದರೆ, ನಾನೇ ತೊಳೆದಿದ್ದೆನೇನೋ ಅನ್ನಿಸುತ್ತದೆ.

ಮೂರು ವರ್ಷದ ಹಿಂದೆ ಪುನೀತ್‌ಗೂ ಬೆಳಗಿನ ಹೊತ್ತು ಕೆಮ್ಮು ಶುರುವಾಯಿತು. ಅತ್ತೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವರು ಕೈ ನಿಲ್ಲಿಸಿ ಕೇಳಿಸಿಕೊಂಡರು. ಅಪ್ಪಂದೇ ಕೆಮ್ಮು, ಅದೇ ಎಳೆತ ಅಂದರು. ಅವತ್ತೇ ಮದ್ದೂರು ನರಸಿಂಹಸ್ವಾಮಿಗೆ ಹರಕೆ ಹೊತ್ತರು: ಮಗ ಹೊಗೆಯ ಸಹವಾಸ ಬಿಟ್ಟರೆ ಲಕ್ಷ ಬತ್ತಿ ಹಚ್ಚಿಸುತ್ತೇನೆ, ಒಂದೊಂದನ್ನೂ ನನ್ನ ಕೈಯಲ್ಲೇ ಹೊಸೆದು.

ಸ್ವಾಮಿ ಕೇಳಿಸಿಕೊಂಡ ಅಂತಲೇ ಅಂದುಕೊಂಡೆವು. ಹರಕೆ ಹೊತ್ತ ಎರಡು ತಿಂಗಳಿಗೆ ಸಿಗರೇಟು ನಿಂತೇ ಹೋಯಿತು. ಅತ್ತೆ ಕುಣಿಯಲಿಲ್ಲ ಅಷ್ಟೆ. ಮದ್ದೂರಿನಲ್ಲಿ ಅವರು ಎಷ್ಟೋ ವರ್ಷದಿಂದ ಹಾಲು ಹಾಕುತ್ತಿದ್ದ ಮನೆ ಒಂದಿದೆ. ರಿಟೈರಾದ ಮೇಷ್ಟ್ರು ಯೋಗಾನರಸಿಂಹ, ಅವರ ಹೆಂಡತಿ ಆಂಡಾಳಮ್ಮ. ಆ ಅಮ್ಮನ ಹಿತ್ತಲಿನಲ್ಲಿ ಹತ್ತಿ ಗಿಡಗಳಿವೆ. ಬೀಜ ಬಿಡಿಸುವುದು, ಎಳೆ ಹಿಂಜುವುದು, ಹೊಸೆಯುವುದು, ನೂರಕ್ಕೊಂದು ಕಟ್ಟು ಕಟ್ಟುವುದು, ಎಲ್ಲವನ್ನೂ ಅತ್ತೆಗೆ ಕಲಿಸಿದ್ದು ಅವರೇ. ಹತ್ತಿ ನೆಲ ಮುಟ್ಟಬಾರದು, ಊಟದ ಕೈಯಲ್ಲಿ ಮುಟ್ಟಬಾರದು, ಅಪ್ಪಿತಪ್ಪಿಯೂ ಬೆರಳಿಗೆ ಎಂಜಲು ಮಾಡಿಕೊಂಡು ಹೊಸೆಯಬಾರದು. ಹತ್ತಿ ಜಾರಿದರೆ ಬೆರಳಿಗೆ ಒಂದು ಹನಿ ಹಾಲು ಮುಟ್ಟಿಸಿಕೊಳ್ಳಿ ಅಂತ ಆಂಡಾಳಮ್ಮ ಹೇಳಿದರೆ ಅತ್ತೆ ತಲೆಯಾಡಿಸಿ ಬಂದು ಮನೆಯಲ್ಲಿ ವಿಭೂತಿ ಮುಟ್ಟಿಕೊಂಡು ಹೊಸೆಯುತ್ತಿದ್ದರು. ನಾಮದವರಾದ ಆ ಅಮ್ಮನಿಗೂ ಅದು ಗೊತ್ತಿತ್ತು, ಬೆಳ್ಳಗಿರುವ ಬೆರಳು ನೋಡಿಯೂ ನೋಡದಂತೆ ಇರುತ್ತಿದ್ದರು.

ಅತ್ತೆ ಎರಡು ವರ್ಷ ಹೊಸೆದರು. ಧಾರಾವಾಹಿ ನೋಡುತ್ತಾ ಅಲ್ಲ, ಟಿವಿ ಆಫ್ ಮಾಡಿಸಿ. ದೇವರ ಕೋಣೆಯ ಗೂಟಕ್ಕೆ ಹತ್ತಿಯ ಚೀಲ, ಕೆಳಗೆ ಮಣೆಯ ಮೇಲೆ ಟ್ರಂಕು, ಟ್ರಂಕಿನಲ್ಲಿ ಕಟ್ಟುಗಳು.

ನನ್ನ ಗಂಡ ಹೊಗೆ ಬಿಟ್ಟಿರಲಿಲ್ಲ. ಅದು ನನಗೆ ಗೊತ್ತಿತ್ತು. ತಪ್ಪು ನನ್ನದೂ ಇದೆ, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ.

ಅವರ ಸ್ನೇಹಿತ ಅಂಬರೀಶ್ ಎಲ್ಲಿಂದಲೋ ಇ-ಸಿಗರೇಟು ಅನ್ನುವ ಒಂದು ಮಿಷನ್ನು ತಂದುಕೊಟ್ಟಿದ್ದ. ಬೆಂಕಿಪೆಟ್ಟಿಗೆಯ ಎರಡರಷ್ಟು ದಪ್ಪ, ಒಳಗೆ ಬ್ಯಾಟರಿ, ಮೇಲೊಂದು ಪುಟ್ಟ ಬಟ್ಟಲು. ಬಟ್ಟಲಿನಲ್ಲಿ ತಂತಿಯ ಸುರುಳಿ, ಸುರುಳಿಯ ತೂತಿನಲ್ಲಿ ಹತ್ತಿ. ಹತ್ತಿ ಆ ಮಾವಿನ ನೀರು ಕುಡಿಯುತ್ತದೆ, ಗುಂಡಿ ಒತ್ತಿದರೆ ತಂತಿ ಕಾಯುತ್ತದೆ, ಬಾಯಲ್ಲಿ ಎಳೆದುಕೊಂಡರೆ ಬಿಳಿ ಮೋಡ. ಇದು ಹೊಗೆಯಲ್ಲ, ಹಬೆ, ಇಡ್ಲಿ ಪಾತ್ರೆಯಿಂದ ಬರುವುದಿಲ್ಲವೇ, ಅದೇ, ಅಂತ ನನಗೆ ಸಮಾಧಾನ ಹೇಳಿದರು. ಇಡ್ಲಿ ಪಾತ್ರೆಗೆ ಯಾರೂ ಬಾಯಿ ಹಾಕಿ ಎಳೆಯುವುದಿಲ್ಲ ಅಂದೆ. ಆದರೂ ಕೆಮ್ಮು ಕಡಿಮೆಯಾಗಿತ್ತಲ್ಲ, ಸಿಗರೇಟಿಗಿಂತ ವಾಸಿ ಇರಬಹುದು ಅಂತ ಸುಮ್ಮನಾದೆ.

ಆದರೆ ಅಸಹ್ಯ ಅಂದರೆ ಅಸಹ್ಯ. ಮಾತಾಡಿದರೆ ಮಾವು, ತಲೆದಿಂಬು ಮಾವು, ಷರಟಿನ ಜೇಬಿನಲ್ಲಿ ಶೀಶೆ ಸೋರಿ ಇರುವೆ ಸಾಲು. ಸುರುಳಿಯೊಳಗಿನ ಹತ್ತಿ ಮೂರು ದಿನಕ್ಕೆ ಕಪ್ಪಗೆ ಕಮಟು ಹಿಡಿಯುತ್ತಿತ್ತು. ಅದನ್ನು ಚಿಮಟದಿಂದ ಕಿತ್ತು ಬಚ್ಚಲ ಗೋಡೆಯ ಮೇಲೆ ಇಟ್ಟು ಮರೆಯುತ್ತಿದ್ದರು. ಜಿರಳೆ ಅಂತ ಪೊರಕೆಯಲ್ಲಿ ಹೊಡೆದಿದ್ದೇನೆ ನಾನು.

ಈ ಸಾಮಾನು ಮಾರುವುದನ್ನು ಸರ್ಕಾರ ಯಾವಾಗಲೋ ನಿಲ್ಲಿಸಿದೆ. ನೀರು ಹೆಂಗೋ ಅಂಬರೀಶ್ ತರುತ್ತಿದ್ದ, ಹತ್ತಿ ತರುತ್ತಿರಲಿಲ್ಲ. ಆಗ ಶುರುವಾಯಿತು ನೋಡಿ ಇವರ ಸಂಶೋಧನೆ. ಮೆಡಿಕಲ್ ಸ್ಟೋರಿನ ಹತ್ತಿ ತಂದರು, ಆಸ್ಪತ್ರೆ ವಾರ್ಡು ಬಾಯಿಗೆ ಬಂದಂಗಾಯಿತಂತೆ. ದಿಂಬು ಬಿಚ್ಚಿ ಬೂರುಗದ ಹತ್ತಿ ತೆಗೆದರು, ಅದು ನೀರನ್ನೇ ಕುಡಿಯದೆ ಭಗ್ಗನೆ ಸುಟ್ಟು ಗಂಟಲಿಗೆ ಕರಕಲು ಬಡಿಯಿತು. ಮಳವಳ್ಳಿ ಕಡೆಯ ಗಿರಾಕಿಯೊಬ್ಬರ ಮನೆಯಿಂದ ರೇಷ್ಮೆಗೂಡಿನ ಮೇಲಿನ ನವುರು ಎಳೆ ತಂದಿದ್ದು ಎಲ್ಲದಕ್ಕಿಂತ ಮೇಲು. ಒಂದು ಎಳೆತ ಎಳೆದರು, ಕೂದಲು ಸುಟ್ಟ ವಾಸನೆ. ಹಿತ್ತಲಿಗೆ ಓಡಿಹೋಗಿ ಕರಿಬೇವಿನ ಗಿಡದ ಬುಡಕ್ಕೆ ವಾಂತಿ ಮಾಡಿಕೊಂಡರು. ಒಂದು ವಾರ ನಾನು ಒಗ್ಗರಣೆಗೆ ಕರಿಬೇವು ಹಾಕಲಿಲ್ಲ.

ಅಲ್ಲಿಗೆ ನಿಂತಿತೇನೋ ಅಂದುಕೊಂಡೆ. ಅತ್ತೆ ಮದ್ದೂರಿಗೆ ಹೋಗಿದ್ದ ಒಂದು ಸೋಮವಾರ ಡೇರಿಗೆ ಹಾಲು ಹಾಕಿ ಬಂದವಳು ನೋಡುತ್ತೇನೆ, ಸ್ಟೌವಿನ ಮೇಲೆ ಹಾಲಿನ ಪಾತ್ರೆ, ಅದರಲ್ಲಿ ಹತ್ತಿ ಬೇಯುತ್ತಿದೆ. ನೀರಿನ ಮೇಲೆ ಹಳದಿ ಜಿಡ್ಡು ತೇಲುತ್ತಿದೆ. ಗಿಡದ ಹಸಿ ಹತ್ತಿಯಲ್ಲಿ ಎಣ್ಣೆಯಂಶ ಇರುತ್ತದಂತೆ, ಕುದಿಸಿದರೆ ಅದು ಬಿಟ್ಟುಕೊಂಡು ಚೆನ್ನಾಗಿ ನೀರು ಕುಡಿಯುತ್ತದಂತೆ. ಇಂಥ ಹತ್ತಿ ದುಡ್ಡು ಕೊಟ್ಟರೂ ಸಿಗದು ದೀಪೂ, ರುಚಿಗೆ ಅಡ್ಡವೇ ಬರುವುದಿಲ್ಲ, ಅಂತ ಕಣ್ಣರಳಿಸಿ ಹೇಳಿದರು. ಯಾವ ಹತ್ತಿ ಅಂತ ನಾನು ಕೇಳಲಿಲ್ಲ. ದೇವರ ಕೋಣೆಯ ಬಾಗಿಲು ತೆರೆದಿತ್ತು.

ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಮೂರು ಸಲ ಉಜ್ಜಿದೆ. ಆದರೂ ಅವತ್ತು ಅದರಲ್ಲಿ ಹಾಲು ಕಾಯಿಸಲಿಲ್ಲ.

ಇನ್ನು ಮುಟ್ಟಬೇಡಿ ಅಂತ ಜಗಳವಾಡಿದೆ, ಹೂಂ ಅಂದರು, ಮುಟ್ಟಿದರು. ಚೀಲ ಇಳಿಯುತ್ತಾ ಬಂತು. ಅತ್ತೆ ಇಲಿ ಅಂದರು. ಹತ್ತಿ ಕದ್ದು ಗೂಡು ಕಟ್ಟುತ್ತಿರಬೇಕು, ಬಸುರಿ ಇಲಿ ಇರಬೇಕು, ಪಾಪ, ಅಂತ ಬೋನಿಟ್ಟರು. ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿಕೊಟ್ಟವರು ನನ್ನ ಗಂಡನೇ.

ಕಾರ್ತಿಕದ ಹುಣ್ಣಿಮೆಗೆ ಬತ್ತಿ ಹಚ್ಚುವುದು ಅಂತ ಗೊತ್ತಾಗಿತ್ತು. ಅದಕ್ಕೆ ಐದು ದಿನ ಇದ್ದಾಗ, ಮಧ್ಯಾಹ್ನ ಊಟದ ಬುತ್ತಿ ತೆಗೆದುಕೊಂಡು ಅಂಗಡಿಗೆ ಹೋದೆ. ಇವರು ಬೆನ್ನು ತಿರುಗಿಸಿ ಕೂತು ಮಿಷನ್ನಿಗೆ ಹತ್ತಿ ತುಂಬುತ್ತಿದ್ದರು. ಹತ್ತಿಯ ತುದಿಯನ್ನು ತುಟಿಯ ನಡುವೆ ಇಟ್ಟು ಒದ್ದೆ ಮಾಡಿ, ಸೂಜಿಗೆ ದಾರ ಏರಿಸುವಂತೆ ತಿರುಚಿ, ಸುರುಳಿಯ ತೂತಿಗೆ ತೂರಿಸಿದರು. ಆಚೆ ಈಚೆ ಉಳಿದ ಬಾಲ ಎರಡನ್ನೂ ಕತ್ತರಿಸಿದರು. ಕತ್ತರಿಸಿದ್ದನ್ನು ಬಿಸಾಡಲಿಲ್ಲ. ಮಾವಿನ ನೀರು ಅಂಟಿದ ಬೆರಳಿನಲ್ಲೇ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡರು. ಕವರಿನಲ್ಲಿ ಆಗಲೇ ಒಂದು ಹಿಡಿಯಷ್ಟಿತ್ತು.

ಇದೇನ್ರೀ ಅಂದೆ. ಚೀಲ ಇಳಿದರೆ ಅವ್ವನಿಗೆ ಗೊತ್ತಾಗುತ್ತದಲ್ಲ, ಉಳಿದದ್ದನ್ನು ಹಿಂಜಿ ಹಿಂದಕ್ಕೆ ಸೇರಿಸುತ್ತಿದ್ದೇನೆ ಅಂದರು. ತಿಂಗಳುಗಟ್ಟಲೆಯಿಂದ ಸೇರಿಸುತ್ತಿದ್ದರಂತೆ. ದಂಡ ಮಾಡಬಾರದಲ್ಲ ಅಂತ ಬೇರೆ.

ಬುತ್ತಿ ಅಲ್ಲೇ ಇಟ್ಟು ನಿಂತೆ. ಟ್ರಂಕಿನಲ್ಲಿ ಸಾವಿರಕ್ಕೆ ಹತ್ತಿರದಷ್ಟು ಕಟ್ಟು. ಯಾವ ಕಟ್ಟಿನ ಯಾವ ಬತ್ತಿಯಲ್ಲಿ ಇವರ ಉಗುಳಿದೆ ಅಂತ ಯಾರು ಆರಿಸುತ್ತಾರೆ?

"ಅವೆಲ್ಲಾ ಸುಟ್ಟೋಗವಲ್ವೇನೇ?" ಅಂದರು ಪುನೀತ್. "ಬೆಂಕಿಗೆ ಯಾವ ಎಂಜ್ಲು? ಇನ್ ಐದ್ ದಿನ ಬಾಯ್ ಮುಚ್ಕೊಂಡಿರು, ಅವ್ವ ಖುಸಿಯಾಗಿ ಹಚ್ಲಿ."

ನಾನು ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಹೇಳಿದರೆ ಅತ್ತೆಯ ಎರಡು ವರ್ಷದ ಕೆಲಸ ಮಣ್ಣಾಗುತ್ತದೆ. ಹೇಳದಿದ್ದರೆ ಅವರು ದೇವರ ಮುಂದೆ ಮಗನ ಎಂಜಲು ಹಚ್ಚುತ್ತಾರೆ, ಅದೂ ಬಿಡದ ಹೊಗೆಗೆ. ಅನ್ನದ ತಟ್ಟೆಯ ಮುಂದೆ ಕೂತರೆ ಆ ಒದ್ದೆ ತುಟಿಯೇ ಕಣ್ಣಿಗೆ ಬರುತ್ತಿತ್ತು. ಪುನೀತ್ ಕುಡಿದಿಟ್ಟ ಲೋಟವನ್ನು ಬೇರೆಯಾಗಿ ತೊಳೆದೆ.

ಮೂರನೇ ದಿನ ಬೆಳಿಗ್ಗೆ ಅತ್ತೆ ಕೊನೆಯ ಕಟ್ಟಿಗೆ ಕೂತಿದ್ದರು. ಹೊಸೆಯುತ್ತಾ ಹೊಸೆಯುತ್ತಾ ನಿಲ್ಲಿಸಿದರು.

"ಈ ಅತ್ತಿ ಯಾಕೋ ಅಂಟಂಟು ಕಣಮ್ಮ ದೀಪಿ." ಮೂಗಿನ ಹತ್ತಿರ ಹಿಡಿದರು. "ಮಾವಿನಣ್ಣಿನ್ ವಾಸ್ನೆ ನೋಡು. ಕಾರ್ತಿಕ್‌ದಲ್ಲಿ ಎಲ್ ಬತ್ತದೆ ಮಾವು? ಸ್ವಾಮಿ ಒಪ್ಕೊಂಡವ್ನೆ ಕಣಮ್ಮ."

ಅಂದವರು ಆ ಬತ್ತಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಒಂದು ಸಲ ಅಲ್ಲ, ಎರಡು ಸಲ.

ನಾನು ಅವರ ಕೈಯಿಂದ ಬತ್ತಿ ಕಿತ್ತುಕೊಂಡು ಎಲ್ಲವನ್ನೂ ಹೇಳಿಬಿಟ್ಟೆ. ಮಿಷನ್ನು, ಹಾಲಿನ ಪಾತ್ರೆ, ಬಸುರಿ ಇಲಿ, ಪ್ಲಾಸ್ಟಿಕ್ ಕವರು. ನನಗೆ ಗೊತ್ತಿದ್ದೂ ಸುಮ್ಮನಿದ್ದದ್ದನ್ನೂ ಸೇರಿಸಿ.

ಅತ್ತೆ ಎದ್ದು ಹೋಗಿ ಮುಖ ತೊಳೆದರು. ಕಣ್ಣನ್ನು ಸೆರಗಿನಿಂದ ಕೆಂಪಾಗುವವರೆಗೂ ಉಜ್ಜಿದರು. ಆಮೇಲೆ ಮಗನಿಗೆ ಫೋನು ಮಾಡಿಸಿ ಅದನ್ನು ತಗಂಡು ಬಾ ಅಂದರು. ಅದು ಅಂದರೆ ಯಾವುದು ಅಂತ ಪುನೀತ್ ಕೇಳಲಿಲ್ಲ.

ಪುನೀತ್ ಬಂದ ಮೇಲೆ ಜಗಲಿಯಲ್ಲಿ ಮಿಷನ್ನು ಬಿಚ್ಚಿಸಿದರು. ಬಟ್ಟಲಿನ ತಳದಲ್ಲಿ ಕಂದು ಲೋಳೆ, ಅದರಲ್ಲಿ ಕೂತು ಕರಕಲಾಗಿದ್ದ ಹತ್ತಿ. ಅತ್ತೆ ಅದನ್ನು ಪೊರಕೆ ಕಡ್ಡಿಯಿಂದ ಎತ್ತಿ ಬೆಳಕಿಗೆ ಹಿಡಿದರು. ಮೂಗಿನ ಹತ್ತಿರ ತಂದು ತಟಕ್ಕನೆ ದೂರ ಹಿಡಿದರು.

"ಇದ್ನ ಬಾಯ್ಗಿಟ್ಕಂಡಿದ್ಯೇನ್ಲಾ?"

ಹಬೆ ಕಣವ್ವ, ಹೊಗೆಯಲ್ಲ, ಅಂತ ಪುನೀತ್ ಶುರು ಮಾಡಿದರು.

"ನಿಮ್ಮಪ್ಪನ್ ಡಬ್ಬ ಆರ್ ತಿಂಗ್ಳು ತೊಳ್ದಿವ್ನಿ ಕಣ್ಲಾ," ಅಂದರು ಅತ್ತೆ. "ಅದ್ರಲ್ಲಿ ಗಬ್ಬಿತ್ತು. ಮೋಸ ಇರ್ನಿಲ್ಲ."

ಮಧ್ಯಾಹ್ನದ ಬಸ್ಸಿಗೆ ನಾನೂ ಅವರೂ ಮದ್ದೂರಿಗೆ ಹೋದೆವು. ಒಂದು ಕಟ್ಟು ಬತ್ತಿಯನ್ನು ಅತ್ತೆ ತೋರಿಸಲಿಕ್ಕೆ ತಂದಿದ್ದರು. ಆಂಡಾಳಮ್ಮ ಸಡಗರದಿಂದ ಅದನ್ನು ಕೈಗೆ ತೆಗೆದುಕೊಂಡು, ಎಷ್ಟು ಸಮನಾಗಿ ಬಂದಿದೆ ಅಂತ ಮೆಚ್ಚುತ್ತಿರುವಾಗಲೇ ಅತ್ತೆ ಹೇಳಿದ್ದು. ಆ ಅಮ್ಮ ಕಟ್ಟನ್ನು ಕಿಟಕಿಯ ಮೇಲಿಟ್ಟು ಹಿತ್ತಲಿಗೆ ಹೋದರು. ನೀರಿನ ಸದ್ದು ಬಹಳ ಹೊತ್ತು ಬಂತು. ಅತ್ತೆ ತಲೆ ತಗ್ಗಿಸಿ ಕೂತಿದ್ದರು. ಅಷ್ಟು ಹೊತ್ತು ಕೈ ತೊಳೆಯಬೇಕಿತ್ತೇ ಅಂತ ನನಗೆ ಸಿಟ್ಟು ಬಂತು, ಆದರೆ ನಾನೂ ನನ್ನ ಕೈಯನ್ನು ಮೂರು ದಿನದಿಂದ ಹಂಗೇ ತೊಳೆಯುತ್ತಿದ್ದೆ.

ಮೇಷ್ಟ್ರು ಪ್ರಾಯಶ್ಚಿತ್ತ ಅಂತ ಏನೋ ಶುರು ಮಾಡಿದರು, ಪಂಚಗವ್ಯ ಪ್ರೋಕ್ಷಣೆ ಮಾಡಿದರೆ ಆದೀತು ಅಂತ. ಆಂಡಾಳಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದು, ನೀವು ಸ್ವಲ್ಪ ಸುಮ್ಮನಿರಿ ಅಂದರು.

"ಇಂದ್ರಮ್ಮ, ಹರಕೆ ಏನಂತ ಹೊತ್ತಿರಿ?"

"ಮಗ ಹೊಗೆ ಬುಟ್ರೆ ಅಂತ, ಅಮ್ಮಾವ್ರೆ."

"ಬಿಟ್ಟನೇ?"

ಅತ್ತೆ ಇಲ್ಲ ಅಂತ ತಲೆಯಾಡಿಸಿದರು.

"ಮತ್ತೆ ಯಾವುದಕ್ಕೆ ಹಚ್ಚುತ್ತೀರಿ? ಅವನು ಬಿಡಲಿ. ಗಿಡದಲ್ಲಿ ಹತ್ತಿ ಇನ್ನೂ ಇದೆ."

ವಾಪಸು ಬರುವ ಬಸ್ಸಿನಲ್ಲಿ ಅತ್ತೆಯ ಮಡಿಲಲ್ಲಿ ಹೊಸ ಹತ್ತಿಯ ಗಂಟಿತ್ತು.

ಹುಣ್ಣಿಮೆಯ ದಿನ ಬೆಳಿಗ್ಗೆ ಟ್ರಂಕನ್ನು ಬಚ್ಚಲ ಮನೆಗೆ ಎಳೆದುಕೊಂಡು ಹೋಗಿ ಹಂಡೆ ಒಲೆಯ ಮುಂದೆ ಕೂತರು. ಕಟ್ಟು ಕಟ್ಟಾಗಿ ಒಲೆಗೆ ಹಾಕಿದರು. ನಾನು ಸಹಾಯಕ್ಕೆ ಹೋದರೆ ಬೇಡ ಅಂದರು. ಹತ್ತಿ ಏನು ಹೊತ್ತು ಉರಿಯುತ್ತದೆ, ಎರಡು ವರ್ಷ ಅರ್ಧ ಗಂಟೆಯಲ್ಲಿ ಮುಗಿಯಿತು. ಬಹಳಷ್ಟು ಬತ್ತಿಗೆ ಯಾವ ವಾಸನೆಯೂ ಇರಲಿಲ್ಲ. ನಡುನಡುವೆ ಒಂದೊಂದು ಕಟ್ಟು ಬೆಂಕಿಗೆ ಬಿದ್ದಾಗ ಆ ಕೆಟ್ಟ ಸಿಹಿ ಭಗ್ಗನೆ ಏಳುತ್ತಿತ್ತು. ಆಗ ಅತ್ತೆ ಮಗನ ಕಡೆ ನೋಡುತ್ತಿದ್ದರು. ಪುನೀತ್ ಬಾಗಿಲಲ್ಲಿ ನಿಂತಿದ್ದರು, ಹೋಗು ಅಂತಲೂ ಯಾರೂ ಹೇಳಲಿಲ್ಲ. ಹಂಡೆಯಲ್ಲಿ ನೀರು ಕುದಿಯಿತು. ಆ ನೀರಿನಲ್ಲಿ ಸ್ನಾನ ಮಾಡಲು ಯಾರಿಗೂ ಮನಸ್ಸಾಗಲಿಲ್ಲ. ಆರಿದ ಮೇಲೆ ತೋಡಿ ಬಾಳೆ ಬುಡಕ್ಕೆ ಹಾಕಿದೆ.

ಮಿಷನ್ನನ್ನು ಅಂಬರೀಶ್‌ಗೆ ವಾಪಸು ಕೊಟ್ಟೆ ಅಂತ ಪುನೀತ್ ಹೇಳುತ್ತಾರೆ. ಇರಬಹುದು. ತಲೆದಿಂಬಿನಲ್ಲಿ ವಾಸನೆ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ನಾನು ಮೊದಲು ಮೂಸುವುದು ಅದನ್ನೇ.

ಹದಿನೈದು ದಿನ ಬಿಟ್ಟು ಅತ್ತೆ ಮತ್ತೆ ಮಣೆ ಹಾಕಿಕೊಂಡು ಕೂತರು. ಈ ಸಲ ಎರಡು ಮಣೆ. ನಾನೊಬ್ಳೇ ಹೊಸ್ದಿದ್ದು ಸಾಕು, ನಿನ್ ಬೆರಳು ತಂತಿ ಸುತ್ತದಲ್ಲ, ಬತ್ತಿನೂ ಹೊಸಿ ಬಾ ಅಂದರು. ಪುನೀತ್ ಕೈಕಾಲು ತೊಳೆದು ಬಂದು ಕೂತರು. ನಡುವೆ ವಿಭೂತಿಯ ಬಟ್ಟಲು. ಅವರ ಮೊದಲನೇ ಬತ್ತಿ ಅತ್ತೆಯದಕ್ಕಿಂತ ನೇರವಾಗಿ ಬಂತು. ಅತ್ತೆ ಅದನ್ನು ತಿರುಗಿಸಿ ನೋಡಿ, ಬುಡು, ಬಾಯಿ ಒಂದು ಸರಿಯಿದ್ದಿದ್ದರೆ ನೀನೇ ದೊಡ್ಡ ಆಚಾರಿ ಅಂದರು. ಬತ್ತಿ ಸುಟ್ಟ ಮೇಲೆ ಮೊದಲ ಸಲ ಅವರ ದನಿಯಲ್ಲಿ ನಗು ಇತ್ತು. ಪುನೀತ್ ಕೂಡ ನಕ್ಕರು, ನಾನೂ.

ಎರಡನೇ ಎಳೆ ಬೆರಳಿನಲ್ಲಿ ಜಾರಿತು. ಪುನೀತ್ ನಮ್ಮ ಕಡೆ ನೋಡುತ್ತಾ ಏನೋ ಹೇಳುತ್ತಿದ್ದವರು, ಹತ್ತಿಯ ತುದಿಯನ್ನು ಎತ್ತಿ ತುಟಿಯ ನಡುವೆ ಇಟ್ಟುಕೊಂಡರು.

ಅವರಿಗೆ ಗೊತ್ತೇ ಆಗಲಿಲ್ಲ. ನಾವಿಬ್ಬರೂ ಮಾತು ನಿಲ್ಲಿಸಿದ ಮೇಲೆ ಗೊತ್ತಾಯಿತು. ಹತ್ತಿ ತುಟಿಗೆ ಅಂಟಿಕೊಂಡು ತೂಗುತ್ತಿತ್ತು, ತೆಗೆಯಲಿಕ್ಕೂ ಅವರ ಕೈ ಏಳಲಿಲ್ಲ.

ಅತ್ತೆ ಹತ್ತಿಯ ಗಂಟನ್ನು ತಮ್ಮ ಕಡೆಗೆ ಎಳೆದುಕೊಂಡರು. ಆ ಎಳೆಯನ್ನು ತೆಗೆಯಲಿಕ್ಕೆ ನಾನು ಒಲೆಯ ಚಿಮಟ ತರಲು ಎದ್ದೆ.