ಹುತಾತ್ಮ ಭಾಮೈದ

ದರ್ಜಿಗೆ ಸರ್ಕಾರವೆಂದರೆ ಭಯ, ಹೆಂಡತಿಯೆಂದರೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು ಭಯ. ಈ ಎರಡು ಭಯಗಳ ನಡುವೆ ಒಂದು ಹೊಲಿಗೆ ಮಿಷನ್ ಇಟ್ಟುಕೊಂಡು ಅವನು ಹೇಗೋ ನೆಮ್ಮದಿಯಾಗಿದ್ದ. ಬಿಳಿಯರ ಸರ್ಕಾರದ ಪೊಲೀಸರಿಗೆ ಖಾಕಿ ಹೊಲಿದುಕೊಡುವ ಕೆಲಸ ಊರಿನಲ್ಲಿ ಅವನೊಬ್ಬನದೇ. ಯಾವ ಪೇದೆಯ ಹೊಟ್ಟೆ ಎಷ್ಟು ಬೆಳೆದಿದೆ ಎಂಬುದು ಮೇಲಧಿಕಾರಿಗಳಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು.

ತೊಂದರೆ ಇದ್ದದ್ದು ಒಂದೇ. ಹೆಂಡತಿಯ ಒಬ್ಬನೇ ತಮ್ಮ ಅದೇ ಸರ್ಕಾರವನ್ನು ಬೇರುಸಹಿತ ಕೀಳಲು ಹೊರಟ ಕ್ರಾಂತಿಕಾರಿಗಳ ನಾಯಕ. ಶಸ್ತ್ರಾಗಾರಕ್ಕೆ ಕನ್ನ ಹಾಕಿದವನು, ರೈಲು ಹಳಿ ಕಿತ್ತವನು, ಮೂರು ಜಿಲ್ಲೆಗಳ ಪೊಲೀಸರ ನಿದ್ದೆ ಕೆಡಿಸಿದವನು. ಹೆಂಡತಿ ದೂರದ ಊರಿನವಳಾದ್ದರಿಂದ ಈ ಸಂಬಂಧ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ದರ್ಜಿಯಂತೂ ಅದನ್ನು ಒಳಹೊಲಿಗೆಯ ಬಟ್ಟೆಯಂತೆ ಮಡಚಿ ಮುಚ್ಚಿಟ್ಟಿದ್ದ.

ಒಂದು ದಿನ ಪತ್ರಿಕೆಯಲ್ಲಿ ಸುದ್ದಿ ಬಂತು. ಹೊಳೆ ದಾಟುವಾಗ ದೋಣಿ ಮಗುಚಿ ನಾಯಕ ಸತ್ತ. ಹೆಣ ಊದಿ ಗುರುತು ಸಿಗದಂತಾಗಿತ್ತು. ಕೋಟಿನ ಜೇಬಿನಲ್ಲಿದ್ದ ದಪ್ಪ ಗಾಜಿನ ಕನ್ನಡಕ ನೋಡಿ ಇನ್ಸ್‌ಪೆಕ್ಟರು ಇವನೇ ಅವನು ಎಂದು ಷರಾ ಬರೆದಿದ್ದರು. ಹೆಂಡತಿ ಎದೆ ಬಡಿದುಕೊಂಡು ಅತ್ತಳು. ದರ್ಜಿಯೂ ಅತ್ತ. ಆದರೆ ಅಳುವಿನ ನಡುವೆಯೇ ಹೆಗಲ ಮೇಲಿಂದ ಏನೋ ಭಾರ ಇಳಿದಂತೆನಿಸಿ, ತನ್ನ ಬಗ್ಗೆ ತನಗೇ ಅಸಹ್ಯವಾಗಿ, ಇನ್ನೊಂದಿಷ್ಟು ಜೋರಾಗಿ ಅತ್ತ. ಹೆಣ ಗುರುತಿಸಿದ ಸಾಧನೆಗಾಗಿ ಸರ್ಕಾರ ಇನ್ಸ್‌ಪೆಕ್ಟರಿಗೆ ಪದಕ ಘೋಷಿಸಿತು. ಆ ಸಮಾರಂಭದ ಹೊಸ ಕೋಟನ್ನೂ ದರ್ಜಿಯೇ ಹೊಲಿಯಬೇಕಾಯಿತು.

ಕೋಟಿಗೆ ಇಸ್ತ್ರಿ ಹಾಕುತ್ತಿದ್ದ ಮಧ್ಯಾಹ್ನ, ಹರಿದ ಪ್ಯಾಂಟು ಹೊಲಿಸಲು ಬಂದ ಪೇದೆಯೊಬ್ಬ ಪರದೆಯ ಹಿಂದೆ ಪ್ಯಾಂಟಿಲ್ಲದೆ ಕಾಯುತ್ತಿದ್ದಾಗ, ನುಣ್ಣಗೆ ಗಡ್ಡ ಬೋಳಿಸಿದ ಒಬ್ಬ ಸಣಕಲ ಕಣ್ಣು ಕಿರಿದು ಮಾಡಿಕೊಂಡು ಅಂಗಡಿಗೆ ಬಂದ.

"ಭಾವ, ನಾನು" ಎಂದ.

ಪರದೆಯ ಹಿಂದಿನಿಂದ ಪೇದೆ, "ಯಾರ್ರೀ ಬಂದಿದ್ದು?" ಎಂದ. ದರ್ಜಿ ತನ್ನ ಕುತ್ತಿಗೆಯ ಟೇಪನ್ನು ತೆಗೆದು ಸತ್ತ ಭಾಮೈದನ ಕುತ್ತಿಗೆಗೆ ಹಾಕಿ, "ಹೊಸ ಕೆಲಸದವನು ಸ್ವಾಮಿ, ಗುಂಡಿಗೆ ಕಾಜಾ ಹೊಲಿಯೋಕೆ" ಎಂದುಬಿಟ್ಟ.

ಒಳಮನೆಯಲ್ಲಿ ಅಕ್ಕ ತಮ್ಮನನ್ನು ಕಂಡವಳೇ ಮೊದಲು ಕೆನ್ನೆಗೆ ಒಂದು ಬಿಟ್ಟಳು, ಆಮೇಲೆ ತಬ್ಬಿಕೊಂಡಳು.

"ಬದುಕಿದ್ದೀನಿ ಅಂತ ಒಂದು ಮಾತು ಹೇಳಿ ಕಳಿಸೋಕೆ ಆಗಲಿಲ್ವೇನೋ ನಿನಗೆ?"

"ಈಜಿ ದಡ ಸೇರಿ ಜ್ವರ ಬಂದು ಬಿದ್ದಿದ್ದೆ ಅಕ್ಕ. ಕೋಟು ನಂದೇ. ಪಕ್ಕದಲ್ಲಿ ಕೂತವನು ಚಳಿಗೆ ನಡುಗ್ತಿದ್ದ, ಕೊಟ್ಟಿದ್ದೆ."

"ಪಾಪ, ಯಾವ ತಾಯಿ ಮಗನೋ. ಹೆಸರೇನಂತೆ?"

"ಕೇಳಲಿಲ್ಲ" ಎಂದ ನಾಯಕ. ಜನಕೋಟಿಗಾಗಿ ಜೀವ ತೇಯುವವನಿಗೆ ಪಕ್ಕದವನ ಹೆಸರು ಕೇಳಲು ಪುರುಸೊತ್ತಾಗಿರಲಿಲ್ಲ.

ಹೀಗೆ ನಾಯಕ ಕೆಲಸದವನಾದ. ಇಂಥ ದಂಡಪಿಂಡ ಆ ಅಂಗಡಿಗೆ ಹಿಂದೆಂದೂ ಬಂದಿರಲಿಲ್ಲ. ಕನ್ನಡಕವಿಲ್ಲದೆ ಸೂಜಿಯ ಕಣ್ಣು ಕಾಣದು. ಗುಂಡಿ ಹಚ್ಚು ಎಂದರೆ ಕಾರ್ಮಿಕರ ಶೋಷಣೆಯ ಬಗ್ಗೆ ಭಾಷಣ. ಅವನು ಹಾಕಿದ ಹೊಲಿಗೆ ಒಂದು ಕೆಮ್ಮಿಗೆ ಬಿಚ್ಚಿಕೊಳ್ಳುತ್ತಿತ್ತು. ದರ್ಜಿ ಬಾಯಿಬಿಟ್ಟು ಏನೂ ಅನ್ನದೆ ಮತ್ತೆ ಹೊಲಿಯುತ್ತಿದ್ದ. ನಾಯಕನ ಚಿಂತೆಯೇ ಬೇರೆ. ತಾನಿಲ್ಲದೆ ಪಕ್ಷ ದಿಕ್ಕೆಟ್ಟಿರುತ್ತದೆ, ಸಂಗಾತಿಗಳು ಅನ್ನ ನೀರು ಬಿಟ್ಟಿರುತ್ತಾರೆ ಎಂದು ಅವನ ನಂಬಿಕೆ. ಕೊನೆಗೆ ಅಕ್ಕನ ಮೂಲಕ ಪಕ್ಷದ ಕಾರ್ಯದರ್ಶಿಗೆ ಹೇಳಿ ಕಳಿಸಿದ.

ಕಾರ್ಯದರ್ಶಿ ಬಂದ. ಅನ್ನ ನೀರು ಬಿಟ್ಟವನ ಹಾಗೇನೂ ಕಾಣಲಿಲ್ಲ, ಕೆನ್ನೆ ತುಂಬಿಕೊಂಡಿತ್ತು. ನಾಯಕನನ್ನು ನೋಡಿ ಬಿಳಿಚಿಕೊಂಡು ಕುಸಿದು ಕೂತ.

"ತಾವು... ಬದುಕಿದ್ದೀರಾ?"

"ಯಾಕೆ, ಸಂತೋಷ ಆಗಲಿಲ್ವಾ?"

"ಆಯ್ತು, ಆಯ್ತು. ತುಂಬಾನೇ ಆಯ್ತು" ಎಂದ ಕಾರ್ಯದರ್ಶಿ ಹಣೆಯ ಬೆವರು ಒರೆಸಿಕೊಂಡ. "ಆದ್ರೆ ಒಂದು ಮಾತು. ತಪ್ಪು ತಿಳೀಬೇಡಿ. ತಾವಿದ್ದಾಗ ನಮ್ಮ ಸಭೆಗೆ ಒಂದು ಚಾಪೆ ಸಾಕಾಗ್ತಿತ್ತು. ಈಗ ಮೈದಾನ ಸಾಲ್ತಿಲ್ಲ. ಹೆಂಗಸರು ಮಕ್ಕಳೆಲ್ಲ ತಮ್ಮ ಪಟ ಹಿಡಿದು ಬೀದಿಗೆ ಬಂದಿದ್ದಾರೆ. ದೇಶಕ್ಕೋಸ್ಕರ ತಾವು ಏನೆಲ್ಲ ಮಾಡಿದ್ದೀರಿ. ಇನ್ನೂ ಸ್ವಲ್ಪ ದಿನ ಸತ್ತಿರೋಕೆ ಆಗಲ್ವಾ?"

ಒಳಗಿನಿಂದ ಅಕ್ಕ, "ಎದ್ದು ಹೋಗಯ್ಯ ಆಚೆ!" ಎಂದು ಪೊರಕೆ ಹಿಡಿದು ಬಂದಳು.

ಕಾರ್ಯದರ್ಶಿ ಹೋದ, ಆದರೆ ಆ ವಾರವೇ ಮೈದಾನದಲ್ಲಿ ದೊಡ್ಡ ಶ್ರದ್ಧಾಂಜಲಿ ಸಭೆ ಎಂದು ಗೋಡೆಗೋಡೆಗೂ ಕಾಗದ ಅಂಟಿಸಿದ. ಸತ್ತವನಿಗಾಗಿ ಅತ್ತರೆ ಸಿಂಹಾಸನವೇನೂ ಅಲ್ಲಾಡದು ಎಂದು ಸರ್ಕಾರವೂ ಒಪ್ಪಿಗೆ ಕೊಟ್ಟಿತು. ನಾಯಕ ಹೋಗಲೇಬೇಕು ಎಂದು ಹಟ ಹಿಡಿದ. ತನ್ನ ಬಗ್ಗೆ ಯಾರು ಏನು ಹೇಳುತ್ತಾರೋ ಕೇಳಬೇಕೆಂಬ ಆಸೆ. ಕಾವಲಿಗೆ ದರ್ಜಿಯೂ ಹೋಗಬೇಕಾಯಿತು.

ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಮೂರು ಭಾಷಣಗಳಿಗೆ ನಾಯಕ ತಲೆದೂಗಿದ, ಒಮ್ಮೆ ಕಣ್ಣನ್ನೂ ಒರೆಸಿಕೊಂಡ. ಆಮೇಲೆ ಕಾರ್ಯದರ್ಶಿ ಎದ್ದು ನಿಂತ.

"ಬಂಧುಗಳೇ, ಮುಳುಗುತ್ತಿದ್ದ ಆ ದೋಣಿಯ ಮೇಲೆ ನಿಂತು ನಾಯಕರು ಕೊನೆಯದಾಗಿ ಏನೆಂದರು? ನನ್ನ ಹೆಸರು ಹಿಡಿದು, ಇನ್ನು ಈ ಹೋರಾಟ ನಿನ್ನದು ಎಂದು ಕೂಗಿದರು!"

"ಸುಳ್ಳು!" ನಾಯಕ ಎದ್ದು ನಿಂತಿದ್ದ. "ನಾನು ಕೂಗಿದ್ದು ದೋಣಿಗೆ ನೀರು ನುಗ್ತಿದೆ ಅಂತ! ನೀನು ಆ ದೋಣೀಲಿ ಇರಲೇ ಇಲ್ಲ! ನಾನೇ ನಾಯಕ, ನೋಡಿ, ಬದುಕಿದ್ದೀನಿ!"

ಬಂದೋಬಸ್ತಿಗೆಂದು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಇನ್ಸ್‌ಪೆಕ್ಟರು ತಿರುಗಿ ಆ ಮುಖವನ್ನು ದಿಟ್ಟಿಸಿದರು. ಆಮೇಲೆ ವೇದಿಕೆಯ ಮೇಲೆ ಬಿಳಿಚಿಕೊಂಡಿದ್ದ ಕಾರ್ಯದರ್ಶಿಯ ಮುಖ ನೋಡಿದರು. ಅವರ ಕೈ ತಾನಾಗಿ ಎದೆಯ ಪದಕದ ಮೇಲೆ ಹೋಯಿತು. ಸರ್ಕಾರಕ್ಕೂ ಪಕ್ಷಕ್ಕೂ ಹತ್ತಾರು ವರ್ಷಗಳಲ್ಲಿ ಆಗದಿದ್ದ ಒಮ್ಮತ ಆ ಒಂದು ಗಳಿಗೆಯಲ್ಲಿ ಆಯಿತು.

"ಇವನು ದರ್ಜಿ ಅಂಗಡಿ ಕೆಲಸದವನು. ತಲೆ ಕೆಟ್ಟಿದೆ" ಎಂದರು ಇನ್ಸ್‌ಪೆಕ್ಟರು.

"ಹೌದು ಹೌದು, ತಲೆ ಕೆಟ್ಟಿದೆ" ಎಂದ ಕಾರ್ಯದರ್ಶಿ.

ಜನ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಹುತಾತ್ಮರ ಹೆಸರಿಗೆ ಮಸಿ ಬಳಿಯುತ್ತೀಯಾ ಎಂದು ಗಡ್ಡ ಕನ್ನಡಕವಿಲ್ಲದ ನಾಯಕನಿಗೆ ಗಡ್ಡ ಕನ್ನಡಕವಿದ್ದ ನಾಯಕನ ಪಟದಿಂದಲೇ ನಾಲ್ಕು ಬಾರಿಸಿದರು. ದರ್ಜಿ ಅಡ್ಡ ಬಿದ್ದು, ಕಂಡಕಂಡವರಿಗೆಲ್ಲ ಕೈಮುಗಿದು, ಭಾಮೈದನನ್ನು ಮನೆಗೆ ಎಳೆದು ತಂದ.

ನಾಯಕ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಊಟ ಬೇಡ, ಮಾತು ಬೇಡ. ಒಂದು ಬೆಳಿಗ್ಗೆ ಅಕ್ಕ ಹೊದಿಕೆ ಕಿತ್ತೆಸೆದಳು.

"ಏಳೋ ಮೇಲೆ. ಪೊಲೀಸರು ನಿನ್ನ ಹುಡುಕಲ್ಲ, ನಿನ್ನವರು ನಿನ್ನ ಕಾಯಲ್ಲ. ಇಷ್ಟು ಆರಾಮಾಗಿ ಕ್ರಾಂತಿ ಮಾಡೋ ಅವಕಾಶ ಯಾರಿಗೆ ಸಿಗುತ್ತೋ? ಆ ಬಿಳಿಯರನ್ನ ಓಡಿಸೋ ಆಸೆ ಇತ್ತೋ, ಇಲ್ಲಾ ಪಟಕ್ಕೆ ಹಾರ ಹಾಕಿಸ್ಕೊಳ್ಳೋ ಆಸೆ ಇತ್ತೋ?"

ನಾಯಕ ಎದ್ದು, ಅಂಗಡಿಯಲ್ಲಿ ರಾಶಿ ಬಿದ್ದಿದ್ದ ಖಾಕಿ ಅಂಗಿಗಳನ್ನು ನೋಡುತ್ತ ನಿಂತ.

"ಭಾವ, ಕಾಲರು ಗಟ್ಟಿ ನಿಲ್ಲೋಕೆ ಒಳಗೆ ಏನು ಹಾಕ್ತೀರಿ?"

"ಗಟ್ಟಿ ಬಟ್ಟೆ. ಯಾಕೆ?"

"ಕಾಗದ ಹಾಕಿದ್ರೆ?"

ದರ್ಜಿಗೆ ಅರ್ಥವಾಯಿತು. ಬೇಡ ಎನ್ನಲು ಬಾಯಿ ತೆರೆದ. ಹೆಂಡತಿ ನೋಡಿದಳು. ಬಾಯಿ ಮುಚ್ಚಿಕೊಂಡು ಕತ್ತರಿ ಕೈಗೆ ತೆಗೆದುಕೊಂಡ.

ನಾಯಕ ಪೇದೆಗಳಿಗೆಂದು ನಾಲ್ಕು ಪುಟದ ಕರೆ ಬರೆದ. ಅಕ್ಕ ಓದಿ, "ಇದನ್ನ ಓದಿ ಮುಗಿಸೋಷ್ಟರಲ್ಲಿ ಪೊಲೀಸರಿಗೆ ನಿವೃತ್ತಿ ಆಗುತ್ತೆ" ಎಂದು ಒಂದೇ ಸಾಲು ಉಳಿಸಿದಳು: ನಾಳೆ ನಿನ್ನ ಎದುರು ನಿಲ್ಲುವವನು ನಿನ್ನ ಅಣ್ಣ, ಗುಂಡು ಹಾರಿಸುತ್ತೀಯಾ? ಮೂವರೂ ಕೂತು ಆ ಸಾಲನ್ನು ಬರೆದು ಬರೆದು ಕಾಲರುಗಳಲ್ಲಿ ಇಟ್ಟರು. ದರ್ಜಿ ಹೊಲಿದ ಕಾಲರು ಏಳು ಜನ್ಮಕ್ಕೂ ಬಿಚ್ಚುವಂಥದ್ದಲ್ಲ. ಆದ್ದರಿಂದ ಆ ಹೊಲಿಗೆ ಮಾತ್ರ ನಾಯಕನಿಗೇ ಬಿಟ್ಟರು. ಸರ್ಕಾರದ ವ್ಯಾನೇ ಬಂದು ಅಂಗಿಗಳ ಗಂಟು ಹೊತ್ತು, ಸರ್ಕಾರದ ಪೆಟ್ರೋಲಿನಲ್ಲೇ ಎಲ್ಲ ಠಾಣೆಗಳಿಗೂ ತಲುಪಿಸಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಗಿರಣಿ ಕಾರ್ಮಿಕರ ಮೆರವಣಿಗೆ ಅಂಗಡಿಯ ಬೀದಿಗೇ ಬಂತು. ಎದುರಿಗೆ ಪೊಲೀಸರು ಬಂದೂಕು ಹಿಡಿದು ಸಾಲಾಗಿ ನಿಂತರು. ದರ್ಜಿ ಬಾಗಿಲ ಸಂದಿಯಿಂದ ನೋಡುತ್ತಿದ್ದ. ಇನ್ಸ್‌ಪೆಕ್ಟರು ಗುಂಡು ಹಾರಿಸಿ ಎಂದು ಕೂಗಿದರು. ಯಾರೂ ಹಾರಿಸಲಿಲ್ಲ. ಮತ್ತೆ ಕೂಗಿದರು. ಒಬ್ಬ ಮುದಿ ಪೇದೆ ಕುತ್ತಿಗೆ ಕೆರೆದುಕೊಂಡು ಬಂದೂಕು ಕೆಳಗಿಟ್ಟ. ಪಕ್ಕದವನೂ ಇಟ್ಟ. ಆಮೇಲೆ ಸಾಲಿಗೆ ಸಾಲೇ ಇಟ್ಟಿತು. ದರ್ಜಿಯ ಕಣ್ಣಲ್ಲಿ ನೀರು ಬಂತು. ಈ ಸಲ ಅದರಲ್ಲಿ ಬೇರೆ ಏನೂ ಬೆರೆತಿರಲಿಲ್ಲ.

ಮರುದಿನ ಇನ್ಸ್‌ಪೆಕ್ಟರು ಹರಿದ ಕಾಲರೊಂದನ್ನು ಹಿಡಿದು ಅಂಗಡಿಗೆ ನುಗ್ಗಿದರು. ನಾಯಕ ಮುಂದೆ ಬಂದ.

"ಇದು ನನ್ನ ಕೆಲಸ. ನನ್ನ ಹಿಡೀರಿ."

"ನೀನು ಯಾರು?" ಎಂದರು ಇನ್ಸ್‌ಪೆಕ್ಟರು ಹಲ್ಲು ಕಚ್ಚಿ.

"ನಿಮಗೇ ಗೊತ್ತು."

"ನನಗೆ ಗೊತ್ತಿರೋನು ಸತ್ತಿದ್ದಾನೆ. ನಾನೇ ರುಜು ಹಾಕಿದ್ದೀನಿ." ಇವನನ್ನು ಹಿಡಿದರೆ ಪದಕ ಹೋಗುತ್ತದೆ, ಯಾರನ್ನೂ ಹಿಡಿಯದಿದ್ದರೆ ಕೆಲಸ ಹೋಗುತ್ತದೆ. ಇನ್ಸ್‌ಪೆಕ್ಟರು ಅತ್ತಿತ್ತ ನೋಡಿ, ಸಾವು ದಾಖಲಾಗಿಲ್ಲದ ಒಬ್ಬ ಗಂಡಸನ್ನು ಹುಡುಕಿದರು. ದರ್ಜಿ ಕಣ್ಣಿಗೆ ಬಿದ್ದ.

ನಾಯಕ ಠಾಣೆಯವರೆಗೂ ಹಿಂಬಾಲಿಸಿದ. ನಾನೇ ಅಪರಾಧಿ, ಭಾವನನ್ನು ಬಿಡಿ ಎಂದು ಗೋಗರೆದ, ಕೂಗಾಡಿದ. ಪೊಲೀಸರು ಅವನನ್ನು ಎರಡು ಸಲ ಬೀದಿಗೆ ದಬ್ಬಿದರು. ಕಂಬಿಯ ಹಿಂದಿನಿಂದ ದರ್ಜಿ, "ಮನೆಗೆ ಹೋಗಪ್ಪ. ಶಾಲೆ ಮೇಷ್ಟ್ರ ಕೋಟು ಅರ್ಧಕ್ಕೆ ನಿಂತಿದೆ, ನಿಧಾನವಾಗಿ ಹೊಲಿ" ಎಂದ. ತನ್ನ ದನಿ ನಡುಗುತ್ತಿಲ್ಲವಲ್ಲ ಎಂದು ಅವನಿಗೇ ಅಚ್ಚರಿಯಾಯಿತು.

ಸ್ವಾತಂತ್ರ್ಯ ಬಂದಾಗ ದರ್ಜಿ ಜೈಲಿನಿಂದ ಹೊರಬಂದ. ಸೊರಗಿದ್ದ, ಕೂದಲು ನರೆತಿತ್ತು. ಅಷ್ಟರಲ್ಲಿ ಕಾರ್ಯದರ್ಶಿ ಮಂತ್ರಿಯಾಗಿದ್ದ. ಇನ್ಸ್‌ಪೆಕ್ಟರು ಪದಕ ಬಿಚ್ಚಿಟ್ಟು, ಕೆಲಸ ಉಳಿಸಿಕೊಂಡು, ಅದೇ ಮಂತ್ರಿಯ ಕಾವಲಿಗಿದ್ದರು. ನಾಯಕ ಮೈದಾನದಲ್ಲಿ ಕಲ್ಲಿನ ಪ್ರತಿಮೆಯಾಗಿದ್ದ, ಅಂಗಡಿಯಲ್ಲಿ ಸುಮಾರಾದ ದರ್ಜಿಯಾಗಿದ್ದ. ಹೊಸ ಕನ್ನಡಕ ಬಂದ ಮೇಲೆ ಕಾಜಾ ನೆಟ್ಟಗೆ ಬರುತ್ತಿದ್ದವು.

ಪ್ರತಿಮೆ ಅನಾವರಣಕ್ಕೆ, ಜೈಲು ಕಂಡ ಹೋರಾಟಗಾರನೆಂದು ದರ್ಜಿಯನ್ನೂ ವೇದಿಕೆಗೆ ಹತ್ತಿಸಿದರು. ನಾಯಕರ ಬಗ್ಗೆ ಎರಡು ಮಾತಾಡಿ ಎಂದು ಮಂತ್ರಿ ಮೈಕು ಮುಂದಿಟ್ಟು, ಕಣ್ಣಲ್ಲೇ ಎಚ್ಚರಿಕೆ ಕೊಟ್ಟ. ದರ್ಜಿ ಜನರತ್ತ ನೋಡಿದ. ಹಿಂದಿನ ಸಾಲಿನಲ್ಲಿ ಹೆಂಡತಿ, ಅವಳ ಪಕ್ಕದಲ್ಲಿ ಕತ್ತು ಉದ್ದ ಮಾಡಿ ನಿಂತ ಭಾಮೈದ. ದರ್ಜಿಗೆ ಮಂತ್ರಿಯ ಭಯ ಯಾಕೋ ಆಗಲಿಲ್ಲ. ಸುಳ್ಳು ಹೇಳಲೂ ಮನಸ್ಸಾಗಲಿಲ್ಲ.

"ನಾಯಕರು ಸತ್ತಿಲ್ಲ" ಎಂದ. "ಚೆನ್ನಾಗಿದ್ದಾರೆ. ಈಗಲೂ ನಮ್ಮ ನಡುವೆ ನಿಂತಿದ್ದಾರೆ. ಬೆಳಿಗ್ಗೆ ನಮ್ಮ ಮನೇಲೇ ತಿಂಡಿ ತಿಂದ್ರು."

ಮೈದಾನವೇ ಬಿರಿಯುವಂತೆ ಚಪ್ಪಾಳೆ. ಎಂಥ ಮಾತು, ಎಂಥ ಮಾತು ಎಂದು ಜನ ಕಣ್ಣೊರೆಸಿಕೊಂಡರು. ಮಂತ್ರಿ ನಿಟ್ಟುಸಿರು ಬಿಟ್ಟು, ಎಲ್ಲರಿಗಿಂತ ಜೋರಾಗಿ ಕೈತಟ್ಟಿದ.

ಮನೆಗೆ ಹೋಗುವ ದಾರಿಯಲ್ಲಿ ಅಕ್ಕ ನಕ್ಕು ನಕ್ಕು ಎರಡು ಕಡೆ ನಿಂತುಕೊಳ್ಳಬೇಕಾಯಿತು. ನಾಯಕ ಮಾತ್ರ ಗಂಭೀರವಾಗಿ ಯೋಚಿಸುತ್ತ ನಡೆಯುತ್ತಿದ್ದ.

"ಮಾತು ಚೆನ್ನಾಗಿತ್ತು ಭಾವ" ಎಂದ ಕೊನೆಗೆ. "ಸ್ವಲ್ಪ ಚಿಕ್ಕದಾಯ್ತು ಅಷ್ಟೆ."