ನಲವತ್ತೆಂಟು ಚೀಲಗಳ ಕೋಣೆ

"ಒಳಗ ಹೋಗ್ತೀಯೋ, ಕುಂಡಿಗೆ ಒದ್ದು ತಳ್ಳಲ್ಯೋ ಸೂಳೆಮಗನ?"

ಸಾಹುಕಾರ ಮಹಾದೇವಪ್ಪ ಹೀಗೆ ಬೈದದ್ದು ಅರವತ್ತು ದಾಟಿದ ಮಲಂಗಸಾಬ ಕಾಕಾನಿಗೆ. ಆಳಂದದ ಹೊರಗಿನ ಸಾಹುಕಾರನ ತೊಗರಿಬೇಳೆ ಮಿಲ್ಲಿನಲ್ಲಿ ಕಾಕಾ, ನಾನು ಇಬ್ಬರೂ ಕೂಲಿ. ಬೇಳೆ ಒಡೆಯುವಾಗ ಏಳುವ ಧೂಳನ್ನು ದೊಡ್ಡ ಫ್ಯಾನೊಂದು ಮಿಲ್ಲಿನ ಮೂಲೆಯ ತಗಡಿನ ಕೋಣೆಗೆ ಎಳೆಯುತ್ತದೆ. ಅಲ್ಲಿ ನಲವತ್ತೆಂಟು ಬಟ್ಟೆಚೀಲಗಳು ತೂಗಾಡುತ್ತವೆ. ಗಾಳಿ ದಾಟಿಹೋಗುತ್ತದೆ, ಧೂಳು ಚೀಲಕ್ಕೆ ಹತ್ತುತ್ತದೆ. ಹೆಚ್ಚು ಹತ್ತಿದರೆ ಯಾರಾದರೂ ಒಳಗೆ ಹೋಗಿ ಬಡಿಗೆಯಿಂದ ಬಡಿಯಬೇಕು. ಹನ್ನೊಂದು ವರ್ಷದಿಂದ ಬಡಿಯುತ್ತಿರುವವನು ಕಾಕಾ. ಮಾಸ್ಕ್ ಕೇಳಿದರೆ ಸಾಹುಕಾರ ಬೆಲ್ಲದ ಚೂರು ಕೊಡುತ್ತಾನೆ. ಬೆಲ್ಲ ತಿಂದರೆ ಎದೆಯ ಧೂಳು ಇಳಿಯುತ್ತದಂತೆ. ಅವನೇ ಒಂದು ದಿನ ತಿಂದು ಒಳಗೆ ನಿಂತು ನೋಡಲಿ.

ಹೋದ ವರ್ಷ ಗಾಳಿ ಊದುವ ಯಂತ್ರ ತಂದರು. ಚೀಲದೊಳಗೆ ಫಟ್ಟನೆ ಗಾಳಿ ಬಿಟ್ಟರೆ ಧೂಳು ತಾನೇ ಉದುರುತ್ತದೆ, ಮನುಷ್ಯ ಬೇಕಿಲ್ಲ. ಕುಂಕುಮ ಹಚ್ಚಿ ಕಾಯಿ ಒಡೆದರು. ಮೂರನೇ ದಿನಕ್ಕೆ ಕರೆಂಟು ತಿನ್ನುತ್ತದೆ ಎಂದು ಬಂದ್ ಮಾಡಿದರು. ಇವತ್ತು ಧೂಳು ತಪಾಸಣೆಯ ಸಾಹೇಬ ಬರುವ ಹೊತ್ತಿಗೆ ಸ್ವಿಚ್ ಒತ್ತಿದರೆ ಅದು ಮಿಸುಕಲೂ ಇಲ್ಲ.

"ಮಿಲ್ಲು ನಡದಾಗ ಒಳಗ ದಮ್ ಸಿಗಂಗಿಲ್ರಿ ಧಣಿ," ಅಂದ ಕಾಕಾ.

"ಸಾಹೇಬ್ರು ಹೋಗೋತನಾ ಬಡೀಲೇ. ಯಂತ್ರ ನಡದದ ಅಂತ ತಿಳೀಬೇಕು. ಕೆಮ್ಮಿದಿ ಅಂದ್ರ ನಾಳಿ ಗೇಟಿನ ಕಡಿ ಮಾರಿ ಹಾಕಬ್ಯಾಡ."

ಕಾಕಾ ಮುಖಕ್ಕೆ ಟವೆಲ್ ಸುತ್ತಿಕೊಂಡು ಹೋದ. ಸಾಹುಕಾರ ತಾನೇ ಹೊರಗಿನಿಂದ ಅಗಳಿ ಹಾಕಿದ.

ಸಾಹೇಬ ಬಂದ, ಚಹಾ ಕುಡಿದ, ಕೋಣೆಗೆ ಹಚ್ಚಿದ ಮೀಟರಿನ ಮುಂದೆ ನಿಂತ. ಚೀಲಕ್ಕೆ ಧೂಳು ಹತ್ತಿದಷ್ಟೂ ಅದರ ಮುಳ್ಳು ಏರುತ್ತದೆ, ಉದುರಿದರೆ ಇಳಿಯುತ್ತದೆ. ಒಳಗೆ ಧಪ್ ಧಪ್ ಅನ್ನುತ್ತಿತ್ತು. ಮುಳ್ಳು ಇಳಿಯಿತು.

"ಹೊಸ ಯಂತ್ರ ಛಲೋ ಝಾಡಸ್ತದಲ್ರಿ ಸಾಹುಕಾರ್ರ."

"ಎಲ್ಲಾ ನಿಮ್ಮ ಕೃಪಾರಿ."

ನಾನು ಬುಟ್ಟಿ ಹೊತ್ತು ಅಲ್ಲೇ ನಿಂತಿದ್ದೆ. ಬಡಿತ ನಿಧಾನವಾಯಿತು, ಆಮೇಲೆ ಕೇಳಿಸಲೇ ಇಲ್ಲ. ಮುಳ್ಳು ಮತ್ತೆ ಏರತೊಡಗಿತು.

"ನಿಂತ್ತೇನ್ರಿ ಯಂತ್ರ?" ಸಾಹೇಬ ಕೇಳಿದ.

"ನಡುನಡುವ ದಮ್ ತಗೋತದ್ರಿ," ಅಂದ ಸಾಹುಕಾರ.

ನಾನು ಬುಟ್ಟಿ ಒಗೆದು ಅಗಳಿಗೆ ಕೈ ಹಾಕಿದೆ.

"ಏ ಗಂಗಿ, ಕೈ ಮುರೀತೇನಿ ನೋಡ ರಂಡೆ."

"ಮುರಿಯೋ. ಮದಲ ಮನಷ್ಯಾನ್ನ ಹೊರಗ ತಗೀತೇನಿ."

ಅಗಳಿ ಸರಿಸಿದರೂ ಫ್ಯಾನಿನ ಎಳೆತಕ್ಕೆ ಬಾಗಿಲು ಬರಲೊಲ್ಲದು. ತಗಡಿಗೆ ಕಾಲು ಕೊಟ್ಟು ಜಗ್ಗಿದೆ. ಕಾಕಾ ಚೀಲಗಳ ನಡುವೆ ಮೊಣಕಾಲೂರಿ ಕುಸಿದಿದ್ದ, ಹಿಟ್ಟಿನಲ್ಲಿ ಹೊರಳಾಡಿದ ಹಾಗೆ. ರಟ್ಟೆ ಹಿಡಿದು ಹೊಸ್ತಿಲಿಗೆ ಎಳೆದೆ. ಎದೆ ಸುಂಯ್ಯೆನ್ನುತ್ತಿತ್ತು. ಜೀವ ಇತ್ತು.

ಬಾಗಿಲು ತೆರೆದದ್ದೇ ಫ್ಯಾನು ಅಲ್ಲಿಯ ಗಾಳಿಯನ್ನೇ ಎಳೆಯತೊಡಗಿ, ಮಿಲ್ಲಿನ ಧೂಳನ್ನು ಎಳೆಯುವವರು ಯಾರೂ ಇಲ್ಲದಂತಾಯಿತು. ಅದು ಸಾಹೇಬನ ಬಿಳಿ ಅಂಗಿಯ ಮೇಲೆ, ಸಾಹುಕಾರನ ವಿಭೂತಿಯ ಮೇಲೆ ಕೂರತೊಡಗಿತು. ಸಾಹೇಬ ಕಾಕಾನನ್ನು ನೋಡಿದ. ಮೂಗಿಗೆ ಕರವಸ್ತ್ರ ಹಿಡಿದ.

"ಬಾಗಲಾ ಮುಚ್ಚಮ್ಮ," ಅಂದ. "ಧೂಳ ಬರಾಕತ್ತದ."

ನಾನು ಕಾಕಾನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲಲ್ಲೇ ಕುಳಿತೆ.

"ಬರ್ಲಿ ಬಿಡ್ರಿ," ಅಂದೆ. "ನೀವೂ ಜರಾ ಉಣ್ರಿ."